ಜುಪಿಟರ್‌ನ ಬಿರುದುಗಳನ್ನು ಓದುವುದು ಹೇಗೆ? ರೋಮನ್ ನಾಣ್ಯ, ಶಾಸನ, ಗುಡಿಗಳ ಮುಂದೆ ನಿಂತವರಿಗೊಂದು ಮಾರ್ಗದರ್ಶಿ

ರೋಮನ್ನರ ಗುಡುಗಿನ ದೇವರು ಜುಪಿಟರ್ ಅಂತ ಶಾಲೆಯಲ್ಲೇ ಓದಿರುತ್ತೇವೆ. ಆದರೆ ರೋಮ್‌ಗೆ ಹೋದಾಗಲೋ, ಮ್ಯೂಸಿಯಂ ವೆಬ್‌ಸೈಟಿನಲ್ಲಿ ಹಳೇ ನಾಣ್ಯ ನೋಡುವಾಗಲೋ ಬರೀ ಜುಪಿಟರ್ ಸಿಗುವುದು ಕಡಿಮೆ. ಜುಪಿಟರ್ ಟೊನಾನ್ಸ್, ಜುಪಿಟರ್ ಸ್ಟಾಟರ್, ಜುಪಿಟರ್ ಫೆರೆಟ್ರಿಯಸ್, ಜುಪಿಟರ್ ಡೋಲಿಕೀನಸ್ ಹೀಗೆ ಹೆಸರಿನ ಬೆನ್ನಿಗೆ ಇನ್ನೊಂದು ಪದ ಅಂಟಿಕೊಂಡಿರುತ್ತದೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಈ ಬಿರುದುಗಳ ಉದ್ದದ ಪಟ್ಟಿ ಸಿಗುತ್ತದೆ. ಒಂದೊಂದರ ಮುಂದೆ ಒಂದೊಂದು ಅರ್ಥ. ಆ ಪಟ್ಟಿಯನ್ನು ಬಾಯಿಪಾಠ ಮಾಡಿದರೂ ಎದುರಿಗಿರುವ ಕಲ್ಲು ಮಾತಾಡುವುದಿಲ್ಲ.

ಪ್ರತಿ ಬಿರುದಿನ ಹಿಂದೆ ಒಬ್ಬರು ಇದ್ದಾರೆ. ಯಾವುದೋ ಜಾಗದಲ್ಲಿ, ಯಾವುದೋ ಭಯದಲ್ಲಿ ಅಥವಾ ಸಂತೋಷದಲ್ಲಿ ದೇವರನ್ನು ಹಾಗೆ ಕರೆದವರು. ಅವರು ಯಾರು, ಯಾಕೆ ಕರೆದರು ಅಂತ ಹುಡುಕಿದರೆ ಬಿರುದು ತಾನಾಗಿ ಅರ್ಥವಾಗುತ್ತದೆ. ಈ ಲೇಖನದಲ್ಲಿ ಹೇಳಿರುವುದು ಆ ಹುಡುಕಾಟದ ದಾರಿ. ಲ್ಯಾಟಿನ್ ಬರಬೇಕಾಗಿಲ್ಲ. ಇಂಗ್ಲಿಷ್ ಅಕ್ಷರ ಗುರುತಿಸಲು ಬಂದರೆ ಸಾಕು.

ಶುರು ಮಾಡುವ ಮುಂಚೆ

ಕನ್ನಡದಲ್ಲಿ ಜುಪಿಟರ್ ಅಂದ ಕೂಡಲೇ ಗುರುಗ್ರಹ ನೆನಪಾಗುತ್ತದೆ. ಹಾಗಾಗಿ ಈ ದೇವರು ನಮ್ಮ ಬೃಹಸ್ಪತಿ ಇರಬೇಕು ಅಂತ ಅನ್ನಿಸುವುದು ಸಹಜ. ಗ್ರಹದ ಲೆಕ್ಕದಲ್ಲಿ ಅದು ಸರಿ. ರೋಮನ್ನರೂ ಗುರುವಾರವನ್ನು ಜುಪಿಟರ್‌ನ ದಿನ ಅಂತಲೇ ಕರೆದರು. ಆದರೆ ಕೆಲಸದ ಲೆಕ್ಕದಲ್ಲಿ ಈತ ಇಂದ್ರನಿಗೆ ಹತ್ತಿರ. ಕೈಯಲ್ಲಿ ಸಿಡಿಲು, ವಶದಲ್ಲಿ ಮಳೆ, ದೇವತೆಗಳಿಗೆಲ್ಲ ಒಡೆಯ. ಹೆಸರಿನ ಬೇರು ಮಾತ್ರ ಋಗ್ವೇದದ ದ್ಯೌಃ ಪಿತಾ, ಗ್ರೀಕರ ಜ್ಯೂಸ್ ಇಬ್ಬರ ಜೊತೆ ಕೂಡಿಕೊಳ್ಳುತ್ತದೆ. ಬಿರುದುಗಳನ್ನು ಓದುವಾಗ ಬೃಹಸ್ಪತಿಯನ್ನು ಪಕ್ಕಕ್ಕಿಡಿ.

ಇನ್ನೊಂದು ವಿಷಯ. ದೇವರನ್ನು ಸರಿಯಾದ ಹೆಸರಿನಿಂದ ಕರೆಯದಿದ್ದರೆ ಪ್ರಾರ್ಥನೆ ಮುಟ್ಟುವುದಿಲ್ಲ ಅನ್ನುವ ಆತಂಕ ರೋಮನ್ನರಿಗೆ ಜಾಸ್ತಿ. ಅವರ ಅರ್ಚಕರು ಜುಪಿಟರ್‌ನನ್ನು ಬಿರುದು ಸಮೇತ ಕರೆದು, ಅದರ ಬೆನ್ನಿಗೇ ‘ಅಥವಾ ನೀನು ಬೇರೆ ಯಾವ ಹೆಸರಿನಿಂದ ಕರೆಸಿಕೊಳ್ಳಲು ಇಷ್ಟಪಡುತ್ತೀಯೋ ಆ ಹೆಸರಿನಿಂದ’ ಅಂತ ಸೇರಿಸುತ್ತಿದ್ದರು. ನಮಗೆ ಇದು ಹೊಸದೇನಲ್ಲ. ಬೆಂಗಳೂರಿನಲ್ಲಿ ಗಾಳಿ ಆಂಜನೇಯನೂ ಇದ್ದಾನೆ, ಕಾರ್ಯಸಿದ್ಧಿ ಆಂಜನೇಯನೂ ಇದ್ದಾನೆ. ದೇವರು ಒಬ್ಬನೇ. ಆದರೂ ಒಂದು ಗುಡಿಯಲ್ಲಿ ಹೊತ್ತ ಹರಕೆಯನ್ನು ಇನ್ನೊಂದು ಗುಡಿಯಲ್ಲಿ ತೀರಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಅಲ್ವಾ?

ಹೆಜ್ಜೆ 1: ಅಕ್ಷರಗಳನ್ನು ಹಿಡಿಯಿರಿ

ಕಲ್ಲಿನ ಮೇಲೆ, ನಾಣ್ಯದ ಮೇಲೆ ‘ಜುಪಿಟರ್’ ಅಂತ ಪೂರ್ತಿ ಹೆಸರು ಹುಡುಕಬೇಡಿ. ಸಿಗುವುದು ಅಪರೂಪ. ರೋಮನ್ನರಿಗೆ ಜೆ ಅಕ್ಷರ ಇರಲಿಲ್ಲ, ಅದರ ಜಾಗದಲ್ಲಿ ಐ ಬರೆಯುತ್ತಿದ್ದರು. ಯು ಜಾಗದಲ್ಲಿ ವಿ ಕೆತ್ತುತ್ತಿದ್ದರು. ಆಮೇಲೆ, ನಾವು ‘ರಾಮ’ ಅಂದದ್ದನ್ನು ‘ರಾಮನಿಗೆ’ ಅಂತ ಬದಲಿಸುವ ಹಾಗೆ ಅವರೂ ವಿಭಕ್ತಿ ಹಚ್ಚುತ್ತಿದ್ದರು. ‘ಜುಪಿಟರ್‌ಗೆ’ ಅನ್ನಲು ಅವರ ರೂಪ ‘ಯೋವಿ’. ಬರೆಯುವುದು ಐ, ಓ, ವಿ, ಐ ಅಂತ. ಈ ನಾಲ್ಕು ಅಕ್ಷರ ಕಂಡರೆ ನೀವು ಸರಿಯಾದ ದೇವರ ಮುಂದೆ ನಿಂತಿದ್ದೀರಿ.

ಬಿರುದಿಗೂ ಅದೇ ವಿಭಕ್ತಿ ಹತ್ತುತ್ತದೆ. ಸ್ಟಾಟರ್ ಅನ್ನುವುದು ಸ್ಟಾಟೋರಿ ಆಗುತ್ತದೆ. ಕನ್ಸರ್ವೇಟರ್ ಅನ್ನುವುದು ಕನ್ಸರ್ವೇಟೋರಿ ಆಗುತ್ತದೆ. ಬಾಲ ನೋಡಿ ಗಾಬರಿಯಾಗದೆ ಪದದ ಮೊದಲ ಭಾಗವನ್ನು ಹಿಡಿದರೆ ಕೆಲಸ ನಡೆಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಸಿಗುವ ಬಿರುದು ಮೂರೇ ಅಕ್ಷರದ್ದು: ಐ, ಓ, ಎಂ. ‘ಅತ್ಯುತ್ತಮನೂ ಅತಿದೊಡ್ಡವನೂ ಆದ ಜುಪಿಟರ್‌ಗೆ’ ಅಂತ ಬಿಡಿಸಿ ಓದಬೇಕು. ಲ್ಯಾಟಿನ್‌ನಲ್ಲಿ ಆಪ್ಟಿಮಸ್ ಮ್ಯಾಕ್ಸಿಮಸ್. ರೋಮ್‌ನ ಕ್ಯಾಪಿಟೋಲಿನ್ ಗುಡ್ಡದ ಮೇಲಿನ ದೊಡ್ಡ ಗುಡಿಯ ದೇವರು ಈತ. ಆ ಗುಡಿಯ ಪ್ರತಿಷ್ಠೆ ಕ್ರಿ.ಪೂ. 509ರ ಸೆಪ್ಟೆಂಬರ್ 13ರಂದು ಆಯಿತು ಅನ್ನುವುದು ರೋಮನ್ನರ ನಂಬಿಕೆ. ಒಳಗೆ ಮೂರು ಗರ್ಭಗುಡಿ: ನಡುವೆ ಜುಪಿಟರ್, ಅಕ್ಕಪಕ್ಕ ಜೂನೋ ಮತ್ತು ಮಿನರ್ವಾ ಎಂಬ ದೇವಿಯರು. ಕ್ರಿ.ಪೂ. 83ರಲ್ಲಿ, ಕ್ರಿ.ಶ. 69ರಲ್ಲಿ, ಮತ್ತೆ 80ರಲ್ಲಿ ಅದು ಸುಟ್ಟುಹೋಯಿತು. ಪ್ರತಿಸಲವೂ ಕಟ್ಟಿದರು. ಈಗ ಉಳಿದಿರುವುದು ತಳಪಾಯ. ಕ್ಯಾಪಿಟೋಲಿನ್ ಮ್ಯೂಸಿಯಂ ಒಳಗೆ ಆ ದೊಡ್ಡ ಕಲ್ಲಿನ ಗೋಡೆಯನ್ನು ಹತ್ತಿರದಿಂದ ನೋಡಬಹುದು. ಬೇರೆ ಶಿಲ್ಪಗಳ ಗಲಾಟೆಯಲ್ಲಿ ಜನ ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಇಡೀ ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ಕೆತ್ತಿದ ಆ ಮೂರು ಅಕ್ಷರಗಳು ಈ ಗೋಡೆಯ ಕಡೆಗೇ ಕೈ ತೋರಿಸುತ್ತಿದ್ದವು.

ಇಲ್ಲೇ ಒಂದು ಎಚ್ಚರಿಕೆ. ‘ಮ್ಯಾಕ್ಸಿಮ್’ ಅಂತ ಕಂಡದ್ದೆಲ್ಲ ಜುಪಿಟರ್ ಅಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಭಾರತದಲ್ಲಿ ಸಿಗುವ ಇಂಥ ನಾಣ್ಯಗಳಲ್ಲಿ ಟೈಬೀರಿಯಸ್ ಚಕ್ರವರ್ತಿಯ ಒಂದು ಬಗೆ ತುಂಬ ಸಾಮಾನ್ಯ. ಅದರ ಹಿಂಬದಿಯಲ್ಲಿ ಕುಳಿತ ಹೆಂಗಸಿನ ಚಿತ್ರ, ಸುತ್ತಲೂ ‘ಪೊಂಟಿಫ್ ಮ್ಯಾಕ್ಸಿಮ್’ ಅನ್ನುವ ಬರಹ. ಅದು ಪ್ರಧಾನ ಅರ್ಚಕ ಅನ್ನುವ ಚಕ್ರವರ್ತಿಯ ಹುದ್ದೆ. ದೇವರ ಬಿರುದಿಗೂ ಅದಕ್ಕೂ ಸಂಬಂಧವಿಲ್ಲ. ಐ-ಓ-ವಿ ಅಥವಾ ಐ-ಓ-ಎಂ ಅಕ್ಷರ ಇಲ್ಲದಿದ್ದರೆ ಅವಸರ ಪಡಬೇಡಿ.

ಹೆಜ್ಜೆ 2: ಕರೆದವರು ಯಾರು ಅಂತ ಕೇಳಿ

ಇದೇ ಮುಖ್ಯವಾದ ಹೆಜ್ಜೆ. ಟೊನಾನ್ಸ್ ಅನ್ನುವ ಬಿರುದನ್ನೇ ತೆಗೆದುಕೊಳ್ಳೋಣ. ಪಟ್ಟಿಯಲ್ಲಿ ‘ಗುಡುಗುವವನು’ ಅಂತ ಅರ್ಥ ಕೊಟ್ಟಿರುತ್ತಾರೆ. ಗುಡುಗಿನ ದೇವರಿಗೆ ಗುಡುಗುವವನು ಅಂತ ಹೆಸರು. ಇದರಲ್ಲಿ ತಿಳಿಯುವುದೇನಿದೆ?

ಕರೆದವನನ್ನು ಹುಡುಕಿ. ಕ್ರಿ.ಪೂ. 26ರ ಹೊತ್ತಿಗೆ ಅಗಸ್ಟಸ್ ಚಕ್ರವರ್ತಿ ಸ್ಪೇನ್‌ನ ಉತ್ತರಕ್ಕೆ, ಕ್ಯಾಂಟಾಬ್ರಿಯನ್ನರ ಮೇಲೆ ದಂಡೆತ್ತಿ ಹೋಗಿದ್ದ. ರಾತ್ರಿ ಪ್ರಯಾಣ. ಪಲ್ಲಕ್ಕಿಯಲ್ಲಿ ಚಕ್ರವರ್ತಿ, ಮುಂದೆ ಪಂಜು ಹಿಡಿದ ಒಬ್ಬ ಆಳು. ಸಿಡಿಲು ಪಲ್ಲಕ್ಕಿಯನ್ನು ಸವರಿಕೊಂಡು ಹೋಗಿ ಪಂಜಿನವನನ್ನು ಕೊಂದಿತು. ಅಗಸ್ಟಸ್ ಬದುಕಿಕೊಂಡ. ಆ ರಾತ್ರಿಯ ಹರಕೆಯೇ ಜುಪಿಟರ್ ಟೊನಾನ್ಸ್ ಗುಡಿ. ಕ್ಯಾಪಿಟೋಲಿನ್ ಗುಡ್ಡದ ಮೇಲೆ ಕ್ರಿ.ಪೂ. 22ರ ಸೆಪ್ಟೆಂಬರ್ 1ರಂದು ಅದರ ಪ್ರತಿಷ್ಠೆ ಆಯಿತು. ಸತ್ತ ಆಳಿನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಅಗಸ್ಟಸ್‌ನ ಜೀವನ ಬರೆದ ಸ್ಯೂಟೋನಿಯಸ್ ಇನ್ನೂ ಕೆಲವು ಸಂಗತಿ ಹೇಳುತ್ತಾನೆ. ಗುಡುಗು ಸಿಡಿಲು ಅಂದರೆ ಅಗಸ್ಟಸ್‌ಗೆ ವಿಪರೀತ ಹೆದರಿಕೆ. ಹೋದಲ್ಲೆಲ್ಲ ಸೀಲ್ ಪ್ರಾಣಿಯ ಚರ್ಮ ಇಟ್ಟುಕೊಂಡಿರುತ್ತಿದ್ದ, ಅದು ಸಿಡಿಲಿನಿಂದ ಕಾಪಾಡುತ್ತದೆ ಅನ್ನುವ ನಂಬಿಕೆಯಿಂದ. ದೊಡ್ಡ ಬಿರುಗಾಳಿಯ ಸೂಚನೆ ಕಂಡರೆ ನೆಲದಡಿಯ ಕೋಣೆಗೆ ಇಳಿದುಬಿಡುತ್ತಿದ್ದ. ಅರ್ಧ ಜಗತ್ತನ್ನು ಆಳಿದವನ ಭಯ ಅದು. ಈಗ ‘ಗುಡುಗುವವನು’ ಅನ್ನುವ ಪದವನ್ನು ಮತ್ತೆ ಓದಿ. ಅದರ ತೂಕವೇ ಬೇರೆ.

ಕಥೆ ಇನ್ನೂ ಇದೆ. ಹೊಸ ಗುಡಿಗೆ ಜನ ಮುಗಿಬಿದ್ದರು. ಆಗ ದೊಡ್ಡ ಗುಡಿಯ ಜುಪಿಟರ್ ಅಗಸ್ಟಸ್‌ನ ಕನಸಿಗೆ ಬಂದು, ನನ್ನ ಭಕ್ತರನ್ನೆಲ್ಲ ಅವನು ಎಳೆದುಕೊಳ್ಳುತ್ತಿದ್ದಾನೆ ಅಂತ ದೂರು ಹೇಳಿದನಂತೆ. ಅವನನ್ನು ನಿನ್ನ ಬಾಗಿಲು ಕಾಯಲು ಇಟ್ಟಿದ್ದೇನೆ ಅಂತ ಅಗಸ್ಟಸ್ ಸಮಾಧಾನ ಮಾಡಿದ. ಎದ್ದ ಮೇಲೆ ಟೊನಾನ್ಸ್ ಗುಡಿಯ ಮುಂಭಾಗಕ್ಕೆ ಗಂಟೆಗಳನ್ನು ಕಟ್ಟಿಸಿದ, ಯಾಕೆಂದರೆ ಮನೆ ಬಾಗಿಲಲ್ಲಿ ಗಂಟೆ ಕಟ್ಟುವುದು ಅಲ್ಲಿನ ರೂಢಿ. ಒಂದೇ ಗುಡ್ಡ, ಒಂದೇ ದೇವರು, ಎರಡು ಬಿರುದು. ಆದರೂ ಕನಸಿನಲ್ಲಿ ಅವರಿಬ್ಬರೂ ಬೇರೆಬೇರೆಯೇ. ರೋಮನ್ನರ ಬಿರುದುಗಳು ಹೇಗೆ ಕೆಲಸ ಮಾಡುತ್ತಿದ್ದವು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ನನಗೆ ಸಿಕ್ಕಿಲ್ಲ.

ಈ ಗುಡಿಯನ್ನು ಇವತ್ತು ನೋಡಲಾಗದು. ಆದರೆ ನಾಣ್ಯದಲ್ಲಿ ನೋಡಬಹುದು. ಕ್ರಿ.ಪೂ. 19ರ ಆಸುಪಾಸಿನ ಅಗಸ್ಟಸ್‌ನ ಬೆಳ್ಳಿ ದಿನಾರಿಯಸ್‌ನಲ್ಲಿ ಆರು ಕಂಬಗಳ ಗುಡಿ ಇದೆ. ನಡುವೆ ನಿಂತ ಜುಪಿಟರ್, ಒಂದು ಕೈಯಲ್ಲಿ ಸಿಡಿಲು, ಇನ್ನೊಂದು ಕೈಯಲ್ಲಿ ರಾಜದಂಡ. ಬರಹ ಆರೇ ಅಕ್ಷರ: ಐ-ಓ-ವಿ, ಟಿ-ಓ-ಎನ್.

ಹೆಜ್ಜೆ 3: ಆಕಾಶದಲ್ಲಿ ಏನಾಯಿತು, ಯಾವ ಹೊತ್ತಿನಲ್ಲಿ ಆಯಿತು ನೋಡಿ

ನಾವು ಗುಡುಗು, ಮಿಂಚು, ಸಿಡಿಲು ಅಂತ ಮೂರು ಪದ ಇಟ್ಟುಕೊಂಡಿದ್ದೇವೆ. ರೋಮನ್ನರು ಇದರ ಮೇಲೆ ಹೊತ್ತಿನ ಲೆಕ್ಕವನ್ನೂ ಸೇರಿಸಿದರು. ಹಗಲು ಹೊಡೆದ ಸಿಡಿಲು ಜುಪಿಟರ್ ಫುಲ್ಗುರ್‌ನದ್ದು. ಅವನ ಹಬ್ಬ ಅಕ್ಟೋಬರ್ 7. ಇಂಥ ದೇವರ ಗುಡಿಗೆ ಮಾಡು ಇರಬಾರದು, ಆಕಾಶಕ್ಕೆ ತೆರೆದಿರಬೇಕು ಅಂತ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದಾನೆ. ರಾತ್ರಿ ಹೊಡೆದ ಸಿಡಿಲು ಸುಮ್ಮಾನಸ್‌ನ ಪಾಲು. ಸುಮ್ಮಾನಸ್ ಅನ್ನುವುದು ಜುಪಿಟರ್‌ನದೇ ಒಂದು ಬಿರುದೋ, ಬೇರೆ ದೇವರೋ ಅನ್ನುವ ಗೊಂದಲ ರೋಮನ್ನರಿಗೇ ಇತ್ತು. ‘ಅವನು ಯಾರೇ ಆಗಿರಲಿ’ ಅಂತ ಕವಿ ಓವಿಡ್ ಜಾರಿಕೊಳ್ಳುತ್ತಾನೆ. ದೊಡ್ಡ ಗುಡಿಯ ಮೇಲಿದ್ದ ಸುಮ್ಮಾನಸ್‌ನ ಮಣ್ಣಿನ ಮೂರ್ತಿಗೆ ಒಮ್ಮೆ ಸಿಡಿಲು ಬಡಿದು, ತಲೆ ಹಾರಿ ಟೈಬರ್ ನದಿಗೆ ಬಿತ್ತು. ಅದಾದ ಮೇಲೆ ಅವನಿಗೆ ಪ್ರತ್ಯೇಕ ಗುಡಿಯೇ ಆಯಿತು.

ಹಗಲೋ ರಾತ್ರಿಯೋ ಗೊತ್ತಾಗದ ಸಿಡಿಲಿಗೂ ಅವರಲ್ಲಿ ಒಂದು ಹೆಸರಿತ್ತು. ಆಗ ಇಬ್ಬರಿಗೂ ಪೂಜೆ. ಎಷ್ಟು ಜಾಗ್ರತೆ ನೋಡಿ!

ಈ ನಿಯಮ ತಿಳಿದ ಮೇಲೆ ಅಗಸ್ಟಸ್‌ನ ಕಥೆಗೆ ವಾಪಸ್ ಹೋಗಿ. ಪಲ್ಲಕ್ಕಿಗೆ ಸಿಡಿಲು ತಾಗಿದ್ದು ರಾತ್ರಿ. ಲೆಕ್ಕದ ಪ್ರಕಾರ ಹರಕೆ ಸುಮ್ಮಾನಸ್‌ಗೆ ಹೋಗಬೇಕಿತ್ತು. ಅಗಸ್ಟಸ್ ಜುಪಿಟರ್‌ನನ್ನೇ ಕರೆದ. ಅವನಿಗೆ ಬೇಕಾಗಿದ್ದದ್ದು ದೇವತೆಗಳ ರಾಜನ ಜೊತೆಗಿನ ನಂಟು ಅಂತ ನನ್ನ ಅನಿಸಿಕೆ.

ಸಿಡಿಲು ಬಿದ್ದ ಜಾಗವನ್ನೂ ಅವರು ಸುಮ್ನೆ ಬಿಡುತ್ತಿರಲಿಲ್ಲ. ಸುಟ್ಟ ಮಣ್ಣು, ಒಡೆದ ಹೆಂಚು ಎಲ್ಲವನ್ನೂ ಅಲ್ಲೇ ಹೂತು, ಕುರಿ ಬಲಿ ಕೊಟ್ಟು, ಸುತ್ತಲೂ ಕಟ್ಟೆ ಕಟ್ಟುತ್ತಿದ್ದರು. ಮೇಲೆ ‘ಫುಲ್ಗುರ್ ಕಾಂಡಿಟಮ್’ ಅನ್ನುವ ಬರಹ. ಇಲ್ಲಿ ಸಿಡಿಲನ್ನು ಹೂಳಲಾಗಿದೆ ಅಂತ. ದಕ್ಷಿಣ ಫ್ರಾನ್ಸ್‌ನ ನೀಮ್ ಸುತ್ತಮುತ್ತ ಇಂಥ ಕಲ್ಲುಗಳು ಸಿಕ್ಕಿವೆ. ಅಂಥದ್ದು ಕಂಡರೆ ಗೋರಿಕಲ್ಲು ಅಂತ ಮುಂದೆ ಹೋಗಬೇಡಿ.

ಎಲಿಸಿಯಸ್ ಅನ್ನುವ ಬಿರುದಿಗೆ ಸ್ವಲ್ಪ ಹೊತ್ತು ಕೊಡಿ. ಅವೆಂಟೈನ್ ಗುಡ್ಡದ ಮೇಲೆ ಅವನ ಬಲಿಪೀಠ ಇತ್ತು. ಕಥೆ ರೋಮ್‌ನ ಎರಡನೇ ರಾಜ ನ್ಯೂಮಾನದ್ದು. ಒಂದರ ಮೇಲೊಂದು ಸಿಡಿಲು ಬಡಿದು ಊರು ನಡುಗಿತ್ತು. ಶಾಂತಿ ಮಾಡುವುದು ಹೇಗೆ ಅಂತ ಕೇಳಲು ನ್ಯೂಮಾ ಜುಪಿಟರ್‌ನನ್ನೇ ಆಕಾಶದಿಂದ ಕೆಳಗೆ ಕರೆಸಿದ. ಓವಿಡ್ ಹೇಳುವ ಸಂಭಾಷಣೆ ಹೀಗಿದೆ. ‘ತಲೆ ಕಡಿ’ ಅಂದ ಜುಪಿಟರ್. ‘ಆಗಲಿ, ನನ್ನ ತೋಟದ ಈರುಳ್ಳಿಯದು ಕಡಿಯುತ್ತೇನೆ’ ಅಂದ ನ್ಯೂಮಾ. ‘ಮನುಷ್ಯನದು’ ಅಂದ ದೇವರು. ‘ಕೂದಲು ಕೊಡುತ್ತೇನೆ’ ಅಂದ ರಾಜ. ‘ಜೀವ ಬೇಕು’ ಅಂದ ದೇವರು. ‘ಮೀನಿನದು’ ಅಂದ ರಾಜ. ಜುಪಿಟರ್ ನಕ್ಕುಬಿಟ್ಟ. ಹೀಗೆ ಈರುಳ್ಳಿ, ಕೂದಲು, ಮೀನು ಇಷ್ಟರಲ್ಲೇ ಸಿಡಿಲಿಗೆ ಶಾಂತಿ ಆಯಿತು. ನರಬಲಿ ಬೇಡ ಅನ್ನುವ ಮಾತನ್ನು ದೇವರ ಎದುರು ಇಷ್ಟು ಜಾಣತನದಿಂದ ಗೆದ್ದ ರಾಜನ ಮೇಲೆ ನನಗೆ ತುಂಬ ಪ್ರೀತಿ. ಅವನ ನಂತರ ಬಂದ ಟಲ್ಲಸ್ ಹೋಸ್ಟಿಲಿಯಸ್ ಇದೇ ವಿಧಿಯನ್ನು ತಪ್ಪಾಗಿ ಮಾಡಿದ. ಸಿಡಿಲು ಬಡಿದು ಮನೆ ಸಮೇತ ಸುಟ್ಟುಹೋದ ಅಂತ ಇತಿಹಾಸಕಾರ ಲಿವಿ ಬರೆಯುತ್ತಾನೆ.

ಮಳೆಯ ಬಿರುದು ಪ್ಲೂವಿಯಸ್. ಇದರ ವಿಷಯದಲ್ಲಿ ಹುಷಾರಾಗಿರಿ. ರೋಮ್‌ನ ಪಿಯಾಟ್ಸಾ ಕೊಲೊನ್ನಾದಲ್ಲಿ ಮಾರ್ಕಸ್ ಅರೇಲಿಯಸ್‌ನ ಕಂಬ ಇದೆ. ಅದರ ಮೇಲೆ ರೆಕ್ಕೆ ಚಾಚಿದ ಗಡ್ಡದ ಮುದುಕನೊಬ್ಬನ ಮೈಯಿಂದ ಮಳೆ ಸುರಿಯುತ್ತಿರುವ ಕೆತ್ತನೆ. ಬಾಯಾರಿ ಸಾಯುತ್ತಿದ್ದ ರೋಮನ್ ಸೈನಿಕರನ್ನು ಮಳೆ ಬದುಕಿಸಿದ ಘಟನೆ ಅದು. ಗೈಡ್‌ಗಳು ಅವನನ್ನು ‘ಜುಪಿಟರ್ ಪ್ಲೂವಿಯಸ್’ ಅನ್ನುತ್ತಾರೆ. ಆದರೆ ಕಂಬದ ಮೇಲೆ ಆ ಹೆಸರು ಇಲ್ಲ. ಹಳೆಯ ಲೇಖಕರೊಬ್ಬರು ಆ ಮಳೆಯನ್ನು ಈಜಿಪ್ಟಿನ ಮಾಂತ್ರಿಕನ ಕೆಲಸ ಅಂದರು, ಕ್ರೈಸ್ತರು ತಮ್ಮ ಪ್ರಾರ್ಥನೆಯ ಫಲ ಅಂದರು. ಹಳೇ ಕಾಲದವರು ಕೆತ್ತಿದ ಬಿರುದು ಯಾವುದು, ಈಚಿನವರು ಅಂಟಿಸಿದ ಚೀಟಿ ಯಾವುದು ಅಂತ ಪ್ರತಿಸಲವೂ ಕೇಳಿಕೊಳ್ಳಿ.

ಹೆಜ್ಜೆ 4: ರಣರಂಗದ ಬಿರುದಾದರೆ ಯಾವ ಗುಡಿ ಅಂತ ಖಚಿತ ಮಾಡಿಕೊಳ್ಳಿ

ಸ್ಟಾಟರ್ ಅಂದರೆ ನಿಲ್ಲಿಸುವವನು. ನೆರೆಯ ಸಬೈನ್ ಜನರ ಎದುರು ರೋಮನ್ನರು ಕಾಲಿಗೆ ಬುದ್ಧಿ ಹೇಳಿದಾಗ ರಾಜ ರೋಮ್ಯುಲಸ್ ಕೈಯೆತ್ತಿ ಹರಕೆ ಹೊತ್ತ. ಓಡುತ್ತಿದ್ದವರು ನಿಂತರು. ಕಥೆ ಹಾಗಿದೆ. ನಿಜವಾಗಿ ಗುಡಿ ಕಟ್ಟುವ ಹರಕೆ ಹೊತ್ತದ್ದು ಕ್ರಿ.ಪೂ. 294ರಲ್ಲಿ ಅಟೀಲಿಯಸ್ ರೆಗ್ಯುಲಸ್ ಎಂಬ ಸೇನಾಪತಿ, ಅದೂ ಓಡುತ್ತಿದ್ದ ಸೈನಿಕರನ್ನು ನಿಲ್ಲಿಸಲಿಕ್ಕೇ. ಕ್ರಿ.ಪೂ. 63ರ ನವೆಂಬರ್‌ನಲ್ಲಿ ಪ್ರಸಿದ್ಧ ಭಾಷಣಕಾರ ಸಿಸೆರೋ ಹಿರಿಯರ ಸಭೆಯಾದ ಸೆನೆಟ್ಟನ್ನು ಈ ಗುಡಿಯಲ್ಲಿ ಕರೆದು, ಅಧಿಕಾರ ಕಸಿಯಲು ಕ್ಯಾಟಿಲೀನ್ ಎಂಬವನು ಹೂಡಿದ್ದ ಪಿತೂರಿಯನ್ನು ಬಯಲಿಗೆಳೆದ. ಜಾಗದ ಆಯ್ಕೆಯೇ ಅರ್ಧ ಭಾಷಣ. ರಾಜ್ಯ ಕುಸಿಯದಂತೆ ನಿಲ್ಲಿಸುವವನ ಮುಂದೆ ನಿಂತು ಅವನು ಮಾತಾಡಿದ.

ಆದರೆ ರೋಮ್‌ನಲ್ಲಿ ಇನ್ನೊಂದು ಜುಪಿಟರ್ ಸ್ಟಾಟರ್ ಗುಡಿಯೂ ಇತ್ತು. ಮ್ಯಾಸಿಡೋನಿಯಾ ಗೆದ್ದ ಮೆಟೆಲ್ಲಸ್ ಕಟ್ಟಿಸಿದ್ದು, ಊರ ಇನ್ನೊಂದು ಬದಿಯಲ್ಲಿ. ಪೂರ್ತಿ ಅಮೃತಶಿಲೆಯಲ್ಲಿ ಕಟ್ಟಿದ ರೋಮ್‌ನ ಮೊದಲ ಗುಡಿ ಅಂತ ಹೆಸರಾದದ್ದು. ಪುಸ್ತಕದಲ್ಲಿ ‘ಸ್ಟಾಟರ್ ಗುಡಿ’ ಅಂತ ಬಂದರೆ ಯಾವುದು ಅಂತ ನೋಡದೆ ನಕ್ಷೆ ತೆರೆಯಬೇಡಿ.

ಫೆರೆಟ್ರಿಯಸ್ ಇನ್ನೂ ಹಳಬ. ಅವನ ಪುಟ್ಟ ಗುಡಿಯೇ ರೋಮ್‌ನ ಮೊದಲ ಗುಡಿ ಅನ್ನುತ್ತಿದ್ದರು. ಶತ್ರು ದೊರೆಯನ್ನು ತನ್ನ ಕೈಯಾರೆ ಕೊಂದ ರೋಮನ್ ದಳಪತಿ ಮಾತ್ರ ಆ ಶತ್ರುವಿನ ಆಯುಧ, ಕವಚಗಳನ್ನು ಇಲ್ಲಿ ಅರ್ಪಿಸಬಹುದಿತ್ತು. ಇಡೀ ಚರಿತ್ರೆಯಲ್ಲಿ ಈ ಗೌರವ ಸಿಕ್ಕಿದ್ದು ಮೂವರಿಗೆ: ರೋಮ್ಯುಲಸ್, ಕಾಸ್ಸಸ್, ಮತ್ತು ಕ್ರಿ.ಪೂ. 222ರಲ್ಲಿ ಮಾರ್ಸೆಲ್ಲಸ್. ಕ್ರಿ.ಪೂ. 50ರ ಒಂದು ದಿನಾರಿಯಸ್‌ನಲ್ಲಿ ಮಾರ್ಸೆಲ್ಲಸ್ ಗೆದ್ದ ಕವಚವನ್ನು ಹೊತ್ತು ಗುಡಿಯ ಮೆಟ್ಟಿಲು ಹತ್ತುವ ಚಿತ್ರ ಇದೆ. ಒಪ್ಪಂದ ಮಾಡುವಾಗ ಆಣೆ ಹಾಕುವ ಚಕಮಕಿ ಕಲ್ಲು ಇರುತ್ತಿದ್ದದ್ದೂ ಇದೇ ಗುಡಿಯಲ್ಲಿ.

ವಿಕ್ಟರ್ ಸುಲಭ. ಗೆಲ್ಲಿಸಿದವನು. ಕ್ರಿ.ಪೂ. 295ರ ಸೆಂಟಿನಮ್ ಕದನದಲ್ಲಿ ಹೊತ್ತ ಹರಕೆ.

ಹೆಜ್ಜೆ 5: ಊರಿನ ಹೆಸರಿದ್ದರೆ ನಕ್ಷೆ ತೆರೆಯಿರಿ

ಬಿರುದು ಯಾವುದೇ ಲ್ಯಾಟಿನ್ ಕ್ರಿಯೆಗೆ ಹೊಂದುತ್ತಿಲ್ಲ ಅಂದರೆ ಅದು ಊರೋ ಬೆಟ್ಟವೋ ಆಗಿರುವ ಸಾಧ್ಯತೆ ಜಾಸ್ತಿ. ಲಾಟಿಯಾರಿಸ್ ಅಂದರೆ ಲ್ಯಾಟಿನ್ ಜನರೆಲ್ಲರ ಜುಪಿಟರ್. ಅವನ ಜಾಗ ರೋಮ್‌ನ ಆಗ್ನೇಯಕ್ಕಿರುವ, ಈಗ ಮೊಂಟೆ ಕಾವೋ ಅನ್ನುವ ಬೆಟ್ಟ. ಹೆಲಿಯೋಪೊಲಿಟಾನಸ್ ಅಂದರೆ ಲೆಬನಾನ್‌ನ ಬಾಲ್ಬೆಕ್‌ನವನು. ಅಲ್ಲಿ ಇವತ್ತಿಗೂ ಆರು ಕಂಬಗಳು ನಿಂತಿವೆ, ಒಂದೊಂದೂ ಸುಮಾರು 20 ಮೀಟರ್ ಎತ್ತರ.

ಡೋಲಿಕೀನಸ್‌ನನ್ನು ಓದದೆಯೇ ಗುರುತಿಸಬಹುದು. ಗೂಳಿಯ ಬೆನ್ನ ಮೇಲೆ ನಿಂತಿರುತ್ತಾನೆ, ಒಂದು ಕೈಯಲ್ಲಿ ಎರಡು ಬಾಯಿಯ ಕೊಡಲಿ, ಇನ್ನೊಂದರಲ್ಲಿ ಸಿಡಿಲು. ಇವನ ಊರು ಡೋಲಿಕೆ, ಈಗಿನ ಟರ್ಕಿಯ ಗಾಜಿಯಾಂಟೆಪ್ ಹತ್ತಿರ. ಆ ಕಡೆಯ ಹಳೇ ಗುಡುಗಿನ ದೇವರಿಗೆ ರೋಮನ್ ಸೈನಿಕರು ಜುಪಿಟರ್ ಅಂತ ಹೆಸರಿಟ್ಟು ಬ್ರಿಟನ್‌ವರೆಗೂ ಜೊತೆಯಲ್ಲಿ ಒಯ್ದರು. ‘ಕಬ್ಬಿಣ ಹುಟ್ಟುವಲ್ಲಿ ಹುಟ್ಟಿದವನು’ ಅಂತಲೂ ಅವನ ಕಲ್ಲುಗಳ ಮೇಲೆ ಬರೆದಿರುತ್ತದೆ.

ನನಗೆ ಇವರೆಲ್ಲರಲ್ಲಿ ಹೆಚ್ಚು ಇಷ್ಟ ಪೀನಿನಸ್. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ, 2469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆ ದಾರಿಯಲ್ಲಿ ಅವನ ಗುಡಿ ಇತ್ತು. ಆಲ್ಪ್ಸ್ ದಾಟುವವರು ಅಲ್ಲಿ ಪುಟ್ಟ ಕಂಚಿನ ಫಲಕ ಕಟ್ಟಿಸುತ್ತಿದ್ದರು. ಎರಡೂ ಬದಿಗೆ ಕಿವಿಯಂಥ ಹಿಡಿ, ಮೊಳೆ ಹೊಡೆಯಲು ತೂತು, ನಡುವೆ ಹೆಸರು. ಕೆಲವದರಲ್ಲಿ ‘ಹೋಗುವುದಕ್ಕೂ ಬರುವುದಕ್ಕೂ’ ಅಂತ ಬರೆಸಿದ್ದಾರೆ. ಸುಮಾರು 50 ಫಲಕಗಳು ಸಿಕ್ಕಿವೆ. ಸೈನಿಕರು, ಅಂಚೆಯವರು, ಗುಲಾಮರ ಹೆಸರುಗಳೂ ಅವುಗಳಲ್ಲಿವೆ. ಹಿಮದ ದಾರಿ ಹಿಡಿದ ಸಾಮಾನ್ಯ ಜನ ಗುಡುಗಿನ ದೇವರನ್ನು ಕೇಳಿದ್ದು ಕ್ಷೇಮವಾಗಿ ಮನೆಗೆ ಮರಳುವುದನ್ನು.

ಹೆಜ್ಜೆ 6: ಚಕ್ರವರ್ತಿಯ ನಾಣ್ಯವಾದರೆ ಆ ವರ್ಷ ಏನು ನಡೆಯಿತು ಅಂತ ನೋಡಿ

ಕಸ್ಟೋಸ್ ಅಂದರೆ ಕಾವಲಿನವನು, ಕನ್ಸರ್ವೇಟರ್ ಅಂದರೆ ಉಳಿಸಿದವನು. ಈ ಎರಡು ಬಿರುದು ಕಂಡರೆ ಚಕ್ರವರ್ತಿ ಯಾವುದಕ್ಕೋ ಹೆದರಿದ್ದಾನೆ ಅಂತ ಶಂಕಿಸಿ. ಜುಪಿಟರ್ ಕಸ್ಟೋಸ್ ಎಂಬ ಬರಹ ನೀರೋ ಚಕ್ರವರ್ತಿಯ ಚಿನ್ನ, ಬೆಳ್ಳಿ ನಾಣ್ಯಗಳಲ್ಲಿ ಬರುವುದು ಕ್ರಿ.ಶ. 65ರ ಕೊಲೆ ಸಂಚಿನ ಆಸುಪಾಸಿನಲ್ಲಿ. ಸಂಚು ಬಯಲಾದ ಮೇಲೆ ನೀರೋ, ತನ್ನನ್ನು ಇರಿಯಲು ಸಂಚುಕೋರರು ಇಟ್ಟುಕೊಂಡಿದ್ದ ಬಾಕುವನ್ನು ಕ್ಯಾಪಿಟೋಲಿನ್ ಗುಡಿಗೆ ಅರ್ಪಿಸಿದ. ಅದರ ಮೇಲೆ ‘ಜುಪಿಟರ್ ವಿಂಡೆಕ್ಸ್‌ಗೆ’ ಅಂತ ಬರೆಸಿದ. ಸೇಡು ತೀರಿಸುವ ಜುಪಿಟರ್‌ಗೆ ಅಂತ. ಕ್ರಿ.ಶ. 68ರಲ್ಲಿ ಗಾಲ್ ಪ್ರಾಂತ್ಯದಲ್ಲಿ ನೀರೋನ ವಿರುದ್ಧ ಮೊದಲು ದಂಗೆ ಎದ್ದವನ ಹೆಸರು ಜೂಲಿಯಸ್ ವಿಂಡೆಕ್ಸ್. ಜನ ಆ ಬಾಕುವಿನ ಬರಹವನ್ನು ಹೊಸದಾಗಿ ಓದಿದರು ಅಂತ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ.

ಡೊಮಿಷಿಯನ್‌ನ ಕಥೆಯಲ್ಲಿ ಬಿರುದು ಬೆಳೆಯುವುದನ್ನೇ ನೋಡಬಹುದು. ಕ್ರಿ.ಶ. 69ರಲ್ಲಿ ಕ್ಯಾಪಿಟೋಲಿನ್ ಹೊತ್ತಿ ಉರಿಯುವಾಗ ಆತ ಇನ್ನೂ ಹದಿಹರೆಯದ ಹುಡುಗ. ಗುಡಿಯ ಪರಿಚಾರಕನ ಮನೆಯಲ್ಲಿ ಅಡಗಿ, ನಾರುಬಟ್ಟೆ ತೊಟ್ಟು ಭಕ್ತರ ಗುಂಪಿನಲ್ಲಿ ಸೇರಿಕೊಂಡು ತಪ್ಪಿಸಿಕೊಂಡ. ಅಪ್ಪ ಚಕ್ರವರ್ತಿಯಾದ ಮೇಲೆ ಆ ಮನೆ ಕೆಡವಿಸಿ ಅಲ್ಲಿ ಜುಪಿಟರ್ ಕನ್ಸರ್ವೇಟರ್‌ನ ಚಿಕ್ಕ ಗುಡಿ ಕಟ್ಟಿಸಿದ. ತಾನೇ ಚಕ್ರವರ್ತಿಯಾದ ಮೇಲೆ ಜುಪಿಟರ್ ಕಸ್ಟೋಸ್‌ನ ದೊಡ್ಡ ಗುಡಿ ಎದ್ದಿತು. ಅಲ್ಲಿ ದೇವರ ತೊಡೆಯ ಮೇಲೆ ಡೊಮಿಷಿಯನ್‌ನ ಮೂರ್ತಿ!

ಮೂರನೇ ಶತಮಾನದ ನಾಣ್ಯಗಳಲ್ಲಿ ‘ಯೋವಿ ಕನ್ಸರ್ವೇಟೋರಿ’ ಮತ್ತೆಮತ್ತೆ ಬರುತ್ತದೆ. ದಂಗೆ, ಕೊಲೆಗಳ ಕಾಲ ಅದು. ಮೂರನೇ ಗೋರ್ಡಿಯನ್‌ನ ನಾಣ್ಯದಲ್ಲಿ ದೊಡ್ಡ ಜುಪಿಟರ್‌ನ ಕಾಲ ಬಳಿ ಪುಟ್ಟ ಚಕ್ರವರ್ತಿ ನಿಂತಿರುತ್ತಾನೆ. ಅವನು ಪಟ್ಟಕ್ಕೆ ಬಂದಾಗ 13 ವರ್ಷದ ಹುಡುಗ ಅಂತ ತಿಳಿದರೆ ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ.

ಹೆಜ್ಜೆ 7: ಕಲ್ಲಿಗೆ ಬರದ ಬಿರುದುಗಳನ್ನು ಮರೆಯಬೇಡಿ

ಹಳ್ಳಿಯ ಒಕ್ಕಲಿಗ ಅಮೃತಶಿಲೆ ಕೆತ್ತಿಸಲಿಲ್ಲ. ಅವನ ಜುಪಿಟರ್ ಡಪಾಲಿಸ್, ಎಡೆ ಸ್ವೀಕರಿಸುವವನು. ರೋಮನ್ ರಾಜಕಾರಣಿ ಕೇಟೋ ಬರೆದ ಕೃಷಿ ಪುಸ್ತಕದಲ್ಲಿ ಈ ಪೂಜೆಯ ವಿಧಾನ ಇದೆ. ಪೇರ್ ಮರ ಹೂ ಬಿಟ್ಟಾಗ ಎತ್ತುಗಳಿಗಾಗಿ ಎಡೆ ಇಡಬೇಕು. ಒಂದು ಬಟ್ಟಲು ವೈನ್, ಜೊತೆಗೆ ಸುಟ್ಟ ಮಾಂಸ. ಅವತ್ತು ಎತ್ತುಗಳಿಗೂ, ಅವುಗಳನ್ನು ಹೂಡುವವರಿಗೂ ರಜೆ. ಉಳುಮೆ ಆಮೇಲೆ. ಮ್ಯೂಸಿಯಂಗಳಲ್ಲಿ ಈ ಜುಪಿಟರ್ ಹೆಚ್ಚಾಗಿ ಸಿಗುವುದಿಲ್ಲ. ರೋಮನ್ನರಲ್ಲಿ ಬಹಳಷ್ಟು ಜನ ದಿನನಿತ್ಯ ಕಂಡ ದೇವರು ಪ್ರಾಯಶಃ ಇವನೇ.

ಈಗ ನೀವೇ ಓದಿ

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೇರಿಪೋರ್ಟ್‌ನಲ್ಲಿ ರೋಮನ್ ಕೋಟೆ ಇತ್ತು. ಅದರ ಪಕ್ಕದ ಹೊಲದಲ್ಲಿ 1870ರಲ್ಲಿ 17 ಬಲಿಪೀಠಗಳು ಒಟ್ಟಿಗೆ ಸಿಕ್ಕವು. ಈಗ ಅಲ್ಲಿನ ಸೆನ್‌ಹೌಸ್ ಮ್ಯೂಸಿಯಂನಲ್ಲಿ ಮೇರಿಪೋರ್ಟಿನ ಇಂಥ ಕಲ್ಲುಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ.

ಮೊದಲ ಸಾಲು ಐ-ಓ-ಎಂ. ನಿಮಗೆ ಗೊತ್ತಾಯಿತು: ಆಪ್ಟಿಮಸ್ ಮ್ಯಾಕ್ಸಿಮಸ್, ರೋಮ್‌ನ ದೊಡ್ಡ ಗುಡಿಯವನು. ಮುಂದೆ ಸಿ-ಓ-ಎಚ್, ಅಂದರೆ ಕೊಹೋರ್ಟ್, ಪಡೆ. ಆಮೇಲೆ ಐ, ಇದು ಅಕ್ಷರವಲ್ಲ, ಒಂದು ಅನ್ನುವ ಅಂಕಿ. ನಂತರ ‘ಹಿಸ್ಪ್’, ಸ್ಪೇನಿನವರು. ಒಂದನೇ ಸ್ಪ್ಯಾನಿಷ್ ಪಡೆ. ಕೆಳಗೆ ದಳಪತಿಯ ಹೆಸರು ಮಾರ್ಕಸ್ ಮೀನಿಯಸ್ ಅಗ್ರಿಪ್ಪ, ಅವನ ಹುದ್ದೆ ಟ್ರಿಬ್ಯೂನ್. ಕೊನೆಗೆ ‘ಇಟ್ಟನು’ ಅನ್ನುವ ಕ್ರಿಯಾಪದದ ಮೊದಲ ಅಕ್ಷರಗಳು. ಈತ ಇಟಲಿಯ ಕಾಮೆರಿನಮ್ ಊರಿನವನು, ಹೇಡ್ರಿಯನ್ ಚಕ್ರವರ್ತಿಗೆ ಆತಿಥ್ಯ ನೀಡುವಷ್ಟು ಹತ್ತಿರದವನು ಅಂತ ಅವನ ಊರಿನ ಶಾಸನದಿಂದ ತಿಳಿಯುತ್ತದೆ. ಇಟಲಿಯ ದಳಪತಿ, ಸ್ಪೇನಿನ ಹೆಸರಿನ ಪಡೆ, ಬ್ರಿಟನ್ನಿನ ಕರಾವಳಿ, ರೋಮ್‌ನ ಗುಡ್ಡದ ದೇವರು.

ಬೇರೆ ಕಲ್ಲುಗಳ ಕೊನೆಯಲ್ಲಿ ವಿ-ಎಸ್-ಎಲ್-ಎಂ ಅಂತ ನಾಲ್ಕು ಅಕ್ಷರ ಕಂಡರೆ, ‘ಹರಕೆಯನ್ನು ಮನಸಾರೆ, ಸಲ್ಲಬೇಕಾದ ಹಾಗೆ ತೀರಿಸಿದನು’ ಅಂತ ಓದಿ. ಹರಕೆ ಏನಿತ್ತು ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ಕೇಳಿದ್ದು ಸಿಕ್ಕಿದೆ ಅನ್ನುವುದಷ್ಟು ಖಚಿತ.

ಇಂಗ್ಲೆಂಡಿಗೆ ಹೋಗಲೇಬೇಕು ಅಂತಿಲ್ಲ. ‘ರೋಮನ್ ಇನ್‌ಸ್ಕ್ರಿಪ್ಷನ್ಸ್ ಆಫ್ ಬ್ರಿಟನ್’ ಅನ್ನುವ ಉಚಿತ ವೆಬ್‌ಸೈಟಿನಲ್ಲಿ ಮೇರಿಪೋರ್ಟ್ ಅಂತ ಹುಡುಕಿದರೆ ಈ ಕಲ್ಲುಗಳ ಚಿತ್ರ, ಬರಹ, ಇಂಗ್ಲಿಷ್ ಅನುವಾದ ಎಲ್ಲ ಸಿಗುತ್ತವೆ. ಅನುವಾದವನ್ನು ಕೈಯಿಂದ ಮುಚ್ಚಿ ಮೊದಲು ನೀವೇ ಓದಲು ನೋಡಿ, ಆಮೇಲೆ ತಾಳೆ ಹಾಕಿ. ನಾಣ್ಯಗಳಿಗೆ ‘ಆನ್‌ಲೈನ್ ಕಾಯಿನ್ಸ್ ಆಫ್ ದ ರೋಮನ್ ಎಂಪೈರ್’ ಇದೆ. ಅಲ್ಲಿ ದೇವರ ಹೆಸರಿನ ಪಟ್ಟಿಯಲ್ಲಿ ಜುಪಿಟರ್ ಆರಿಸಿ, ಒಬ್ಬ ಚಕ್ರವರ್ತಿಯನ್ನು ಮಾತ್ರ ಹಿಡಿದುಕೊಳ್ಳಿ. ಶುರುವಿಗೆ ಗೋರ್ಡಿಯನ್ ಒಳ್ಳೆಯದು. ಅವನ ನಾಣ್ಯಗಳಲ್ಲಿ ಕನ್ಸರ್ವೇಟೋರಿಯೂ ಇದೆ, ಸ್ಟಾಟೋರಿಯೂ ಇದೆ, ಅಕ್ಷರಗಳೂ ಸ್ಪಷ್ಟ.